ಬಸ್ಸು ಮುಟ್ಟುವಷ್ಟು ದೂರ

ಮೊನ್ನೆ ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಕುರಿಗಾಹಿ ನನ್ನ ಪಕ್ಕ ಬಂದು ಕೂತ. ಹೊರಗೆ ಹಸ್ತದ ಮಳೆ ಹಿಡಿದಿತ್ತು. ಅವನ ಹೆಗಲ ಮೇಲಿನ ಕಂಬಳಿ ತೊಯ್ದು ತಪ್ಪಡಿಯಾಗಿತ್ತು. ತೊಯ್ದ ಕಂಬಳಿಯ ವಾಸನೆಯನ್ನು ಗೊತ್ತಿಲ್ಲದವರಿಗೆ ಹೇಳಿ ತಿಳಿಸುವುದು ಕಷ್ಟ. ಉಣ್ಣೆ, ಒಲೆಯ ಹೊಗೆ, ಕುರಿಯ ಹಾಲು, ಎಲ್ಲದರ ತಳದಲ್ಲಿ ಒಂದು ಚಿಟಿಕೆ ಭಂಡಾರ, ಅಂದರೆ ನಮ್ಮ ಬೀರಪ್ಪ ದೇವರ ಅರಿಷಿಣ ಪುಡಿ. ಆಚೆ ಕೂತಿದ್ದ ಕಾಲೇಜು ಹುಡುಗಿ ಮೂಗಿಗೆ ವೇಲು ಹಿಡಿದು ಎದ್ದು ಹೋದಳು. ನಾನು ಏಳಲಿಲ್ಲ. ಅಂಥದೇ ಕಂಬಳಿಯ ಮೇಲೆ ಹುಟ್ಟಿದವಳು ನಾನು.

ನಮ್ಮ ಅಣ್ಣನ ಹೆಂಡತಿ ಲಗಮವ್ವ ವೈನಿಗೆ ಮಣ್ಣು ಕೊಟ್ಟು ಬಾಗಲಕೋಟೆಗೆ ಹೊರಟಿದ್ದೆ. ನನ್ನನ್ನು ಬಸ್ಸು ಹತ್ತಿಸಲು ಬಂದಿದ್ದ ನೀಲಾ, ಬಸ್ಸು ಎಷ್ಟೊತ್ತಿಗೆಂದು ಕೇಳಿ ಬರಲು ಹೋಗಿದ್ದಳು. ಕುರಿಗಾಹಿ ಅವಳು ಹೋದ ದಿಕ್ಕು ನೋಡಿ, "ಮಗಳೇನ್ರಿ ಯವ್ವಾ?" ಎಂದು ಕೇಳಿದ. ತಗಡಿನ ಮೇಲೆ ಮಳೆ ಜೋರಾಗಿ ಬಡಿಯುತ್ತಿತ್ತು. ಕೇಳಿಸದವಳಂತೆ ಕೂತೆ. ಒಂದು ಕಾಲಕ್ಕೆ ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿತ್ತು. ಆ ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕೆಂದು ಓಡಾಡಿದ ಒಂದು ವರ್ಷವೂ ಇತ್ತು.

ಎಂಬತ್ತರ ದಶಕದ ಮೊದಲ ಭಾಗ ಅದು. ನಾನು ಬಾಗಲಕೋಟೆಯ ದೊಡ್ಡ ದವಾಖಾನೆಯಲ್ಲಿ ನರ್ಸು. ಊರಲ್ಲಿ ಮಾಳವ್ವ, ದವಾಖಾನೆಯಲ್ಲಿ ಮಾಲತಿ ಸಿಸ್ಟರ್. ನರ್ಸಿಂಗ್ ಕಲಿಸಿದ ಮೇಡಮ್ಮನವರಿಗೆ ಮಾಳವ್ವ ಎಂಬ ಹೆಸರು ನಾಲಿಗೆಗೆ ಒಗ್ಗಲಿಲ್ಲ, ಅವರೇ ಬದಲಾಯಿಸಿದರು. ಕೈಯ ಹಸಿರು ಬಳೆ ಹಳೆಯದಾಗುವ ಮೊದಲೇ ಗಂಡ ಹಾವು ಕಡಿದು ಸತ್ತ. ತವರಿಗೆ ಬಂದೆ. ರಾಮಥಾಳದ ಹತ್ತಿರ ನಮ್ಮೂರು. ಅಣ್ಣ ಹಾಲಪ್ಪನಿಗೆ ನಾಲ್ಕೆಕರೆ ಕಪ್ಪು ಮಣ್ಣಿನ ಎರಿ ಹೊಲ, ಒಂದು ಹಿಂಡು ಕುರಿ, ಒಂದಕ್ಷರವೂ ಬಾರದು. ಊರು ನನ್ನನ್ನು ಮೂಲೆಗೆ ಕೂರಿಸಲು ನೋಡಿದಾಗ ಅಂವ ಎದ್ದು ನಿಂತ. "ನೀ ಸೂಜಿ ಹಿಡಿಯೋದ ಕಲಿ ತಂಗಿ, ಮಂದಿ ಬಾಯಿ ಹಿಡಿಯೋದ ನಾ ನೋಡ್ಕೋತೇನಿ" ಎಂದು ಹುಬ್ಬಳ್ಳಿಯವರೆಗೆ ಬಂದು ನನ್ನನ್ನು ನರ್ಸಿಂಗ್ ಶಾಲೆಗೆ ಬಿಟ್ಟು ಹೋದ. ನಾನು ಮನುಷ್ಯಳಾದದ್ದು ಅವನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಅವನ ಬಗ್ಗೆ ಯಾರೂ ತಪ್ಪು ತಿಳಿಯಬಾರದು.

ಬಾದಾಮಿ, ಇಳಕಲ್ಲ ಸುತ್ತಿ ನಾನು ಬಾಗಲಕೋಟೆಗೆ ವರ್ಗವಾಗಿ ಬಂದ ವರ್ಷ ಅಣ್ಣನಿಗೆ ಮತ್ತೊಂದು ಹೆಣ್ಣು ಕೂಸಾಯಿತು. ಅದು ಅಂಬೆಗಾಲಿಡುವ ಹೊತ್ತಿಗೆ ನನ್ನನ್ನು ಊರಿಗೆ ಕರೆಸಿದ. ಬೀರಪ್ಪನ ಗುಡಿಯೊಳಗೆ ನಿಲ್ಲಿಸಿ, ಭಂಡಾರ ಮುಟ್ಟಿ, ಕೂಸನ್ನು ತಂದು ನನ್ನ ಉಡಿಯಲ್ಲಿ ಹಾಕಿದ. "ಇವತ್ತಿನಿಂದ ಇದು ನಿನ್ನ ಮಗಳು. ನನಗ ಸೊಸಿ" ಎಂದ. ಭಂಡಾರ ಮುಟ್ಟಿ ಆಡಿದ ಮಾತಿಗೆ ನಮ್ಮಲ್ಲಿ ಮರುಮಾತಿಲ್ಲ, ಸಾಕ್ಷಿಯೂ ಬೇಡ. ಹೊರಗೆ ಕಟ್ಟೆಯ ಕೆಳಗೆ ಲಗಮವ್ವ ವೈನಿ ನೀರಿನ ಕೊಡ ಹಿಡಿದು ನಿಂತಿದ್ದಳು. ಕುಪ್ಪಸದ ಮುಂಭಾಗ ಹಾಲಿನಿಂದ ತೊಯ್ದಿತ್ತು. ನರ್ಸಲ್ಲವೇ ನಾನು, ಎದೆಗೆ ಮಲ್ಲಿಗೆ ಹೂ ಕಟ್ಟಿಕೋ, ಹಾಲು ಬತ್ತುತ್ತದೆ ಎಂದು ಉಪಾಯ ಹೇಳಿದೆ. ತಲೆಯಾಡಿಸಿದಳು.

ನೀಲಾ ನನ್ನ ಕ್ವಾರ್ಟರ್ಸಿನಲ್ಲಿ ಬೆಳೆದಳು. ನಾನು ಅವ್ವ, ಅಣ್ಣ ಮಾಮಾ, ಲಗಮವ್ವ ಅತ್ತಿ. ಯಾರೂ ಏನನ್ನೂ ಮುಚ್ಚಿಡಲಿಲ್ಲ, ಯಾರೂ ಬಿಡಿಸಿ ಹೇಳಲೂ ಇಲ್ಲ. ಸಂತೆಯ ದಿನ ವೈನಿ ಬೆಣ್ಣೆ ತೊಗೊಂಡು ಬಾಗಲಕೋಟೆಗೆ ಬರುತ್ತಿದ್ದಳು. ಮಾರಲೆಂದು ತರುತ್ತಾಳೆ ಎಂದು ನಾನು ತಿಳಿದಿದ್ದೆ, ಆದರೆ ಆ ಬೆಣ್ಣೆ ಸಂತೆ ಕಂಡದ್ದು ನನಗೆ ನೆನಪಿಲ್ಲ. ನಮ್ಮ ಬಾಗಿಲ ಹೊಸ್ತಿಲ ಮೇಲೆ ಕೂತು ನೀಲಾಳ ತಲೆ ಬಿಚ್ಚಿ, ಹೇನು ನೋಡಿ, ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹಾಕಿ ಸಂಜೆಯ ಬಸ್ಸಿಗೆ ಹೋಗಿಬಿಡುತ್ತಿದ್ದಳು. ಮಾತು ಕಡಿಮೆಯವಳು. ಉಂಡು ಹೋಗೆಂದರೆ ದನ ಕಟ್ಟುವುದಿದೆ ಎನ್ನುತ್ತಿದ್ದಳು.

ನೀಲಾ ನಾಲ್ಕನೇ ಇಯತ್ತೆಗೆ ಹೋದ ವರ್ಷ ಮೃಗಶಿರ ಮಳೆಯ ಹೊತ್ತಿಗೆ ನನಗೊಂದು ಪತ್ರ ಬಂತು. ನಮ್ಮ ದವಾಖಾನೆಯಲ್ಲಿ ಹಿಂದೆ ಇದ್ದ ಹೆಣ್ಣು ಡಾಕ್ಟರೊಬ್ಬರು ಅಮೆರಿಕಕ್ಕೆ ಹೋಗಿದ್ದರು. ಅಲ್ಲಿಯ ಆಸ್ಪತ್ರೆಗಳಲ್ಲಿ ನರ್ಸುಗಳ ಕೊರತೆಯಿತ್ತಂತೆ. ಅವರ ಮಾತು ಕೇಳಿ ಹಿಂದಿನ ವರ್ಷವೇ ನಾನು ಅವರ ದೇಶದ ನರ್ಸಿಂಗ್ ಪರೀಕ್ಷೆ ಬರೆದು ಪಾಸಾಗಿದ್ದೆ. ಈಗ ಅವರ ಆಸ್ಪತ್ರೆ ನನ್ನನ್ನು ಕೆಲಸಕ್ಕೆ ಕರೆದು, ಕಾಯಂ ಆಗಿ ಅಲ್ಲೇ ಇರುವ ವೀಸಾಕ್ಕೆ ಅರ್ಜಿ ಹಾಕಲು ಒಪ್ಪಿತ್ತು. ಮಗಳನ್ನೂ ಕರೆತರಬಹುದು ಎಂದು ಕೊನೆಗೆ ಬರೆದಿದ್ದರು. ಪತ್ರದ ಹಿಂದೆಯೇ ದಪ್ಪನೆಯ ಲಕೋಟೆಯೊಂದು ಬಂತು. ಅದರೊಳಗಿನ ಇಂಗ್ಲಿಷು ನಾನು ಕಲಿತ ಇಂಗ್ಲಿಷಿನ ಜಾತಿಯದಾಗಿರಲಿಲ್ಲ.

ಯಾಕೆ ಹೋಗಬೇಕೆನಿಸಿತು ಎಂದು ಆಮೇಲೆ ಬಹಳ ಜನ ಕೇಳಿದರು. ಪಗಾರಕ್ಕೆ ಎಂದುಕೊಂಡವರೇ ಹೆಚ್ಚು. ಖರೆ ಹೇಳಬೇಕೆಂದರೆ, ರಾತ್ರಿಯಿಡೀ ನಿಂತು ಹೆರಿಗೆ ಮಾಡಿಸಿ, ಕೂಸನ್ನು ತೊಳೆದು ಬಟ್ಟೆ ಸುತ್ತಿ ಕೊಟ್ಟ ಕೈ ನನ್ನದು. ಅದೇ ಕೂಸಿನ ತೊಟ್ಟಿಲಿಗೆ ಕರೆದರೆ, ಮುತ್ತೈದೆಯರಿಗೆಲ್ಲ ಕುಂಕುಮ ಕೊಟ್ಟು ನನ್ನ ಮುಂದೆ ಬಂದಾಗ ತಟ್ಟೆ ಪಕ್ಕಕ್ಕೆ ಸರಿಯುತ್ತಿತ್ತು. ನೀಲಾ ಅದನ್ನು ನೋಡುತ್ತಿದ್ದಳು. ನನ್ನ ಹಣೆಯನ್ನು ಯಾರೂ ನೋಡದ ಊರೊಂದು ಇದ್ದರೆ ಅಲ್ಲಿ ನನ್ನ ಮಗಳ ಜೊತೆ ಇರಬೇಕೆಂಬ ಆಸೆ ನನ್ನದು. ಅಷ್ಟೇ.

ಕಾಂಪೌಂಡರ್ ಒಬ್ಬರು ನದಾಫ ವಕೀಲರ ಹೆಸರು ಹೇಳಿದರು. ದುಬೈ, ಕುವೈತಿಗೆ ಹೋಗುವವರ ಕಾಗದಪತ್ರ ಮಾಡಿ ಅವರಿಗೆ ಕೈ ಪಳಗಿತ್ತು. ಹಳೆ ಬಾಗಲಕೋಟೆಯ ಓಣಿಯೊಂದರಲ್ಲಿ ಕೆಳಗೆ ಅವರ ಕಚೇರಿ, ಮೇಲೆ ಮನೆ. ಆ ಓಣಿ ಈಗ ಆಣೆಕಟ್ಟಿನ ಹಿನ್ನೀರಿನ ಪಾಲಾಗಿದೆ. ತೆಳ್ಳನೆಯ ಮನುಷ್ಯ, ಬಿಳಿ ಗಡ್ಡ, ಲಕೋಟೆಯಲ್ಲಿದ್ದದ್ದನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಒಂದು ಚಹಾ ಮುಗಿಯುವವರೆಗೆ ಸುಮ್ಮನೆ ಓದಿದರು.

"ಇದು ದೊಡ್ಡ ಕೆಲಸ ಅಲ್ಲರಿ ಸಿಸ್ಟರ್, ಉದ್ದನ ಕೆಲಸ," ಎಂದರು. "ದೊಡ್ಡ ಕೆಲಸಕ್ಕ ಬುದ್ಧಿ ಬೇಕು, ಉದ್ದನ ಕೆಲಸಕ್ಕ ತಾಳ್ಮಿ ಬೇಕು. ನಿಮ್ಮ ಕಡೆ ಯಾವುದೈತಿ?"

"ನನ್ನ ಕಡೆ ಸಿಟ್ಟೈತ್ರಿ."

ವಕೀಲರು ನಕ್ಕರು. "ಅದೂ ನಡಿತೈತಿ. ಭಾಳ ಮಂದಿ ಅದರ ಮ್ಯಾಲೇ ವಿಮಾನ ಹತ್ಯಾರ."

ಅಲ್ಲಿಂದ ಓಡಾಟ ಸುರುವಾಯಿತು. ವಕೀಲರು ತಮಗೆ ತಿಳಿಯದ್ದನ್ನು ಮದ್ರಾಸಿನ ಗೆಳೆಯ ವಕೀಲರಿಗೆ ಬರೆದು ಕೇಳುತ್ತಿದ್ದರು. ನಮ್ಮ ಕಡೆಯವರ ಅಮೆರಿಕದ ವೀಸಾ ಮದ್ರಾಸಿನಲ್ಲಿ ಆಗುತ್ತಿತ್ತು. ಮಾಳವ್ವ, ಮಾಲತಿ ಇಬ್ಬರೂ ಒಬ್ಬಳೇ ಎಂದು ಪ್ರಮಾಣ ಮಾಡಿಸಿದರು. ಕೆಲಸ ಮಾಡಿದ ಒಂದೊಂದು ಊರಿನಿಂದಲೂ ಅನುಭವದ ಪತ್ರ ಬೇಕೆಂದರು. ಬಾದಾಮಿಗೆ ಹೋದೆ. ಗುಡ್ಡದ ಕೆಂಪು ಕಲ್ಲು ಬಿಸಿಲಿಗೆ ಕಾದಿತ್ತು. ಡಾಕ್ಟರು ಸಹಿ ಮಾಡುವ ಹೊತ್ತಿಗೆ ಮಂಗ್ಯಾ ಒಂದು ಕಿಟಕಿಯಿಂದ ಕೈ ಹಾಕಿ ಅವರ ಊಟದ ಡಬ್ಬಿಯನ್ನೇ ಎತ್ತಿಕೊಂಡು ಹೋಯಿತು. ಅವರು ಸಹಿ ಬಿಟ್ಟು ಮಂಗ್ಯಾನ ಹಿಂದೆ ಓಡಿದರು. ಇಳಕಲ್ಲಿಗೆ ಹೋದಾಗ ಜೊತೆಗೆ ನೀಲಾ ಇದ್ದಳು. ಮಗ್ಗದ ಓಣಿಯ ಟಕಟಕ ಕೇಳುತ್ತ, "ಅಮೆರಿಕಾದಾಗ ಸೀರಿ ಉಡ್ತಾರೇನವ್ವ?" ಎಂದು ಕೇಳಿದಳು. ನಾವು ಉಟ್ಟರೆ ಉಟ್ಟಂಗ ಎಂದೆ. ಆ ದಿನಗಳಲ್ಲಿ ನಾನು ಬಹಳ ಖುಷಿಯಾಗಿದ್ದೆ.

ಶ್ರಾವಣದಲ್ಲಿ ವಕೀಲರು ನನ್ನನ್ನು ಕೂರಿಸಿಕೊಂಡು ಕೇಳಿದರು, "ಮಗಳ ಕಾಗದ ಎಲ್ಲೈತ್ರಿ?"

ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು ಹಾಲಪ್ಪ, ಪಾಲಕರ ಹೆಸರು ನನ್ನದು. ಅಷ್ಟೇ ಇದ್ದದ್ದು. ಗುಡಿಯಲ್ಲಿ ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು, ಭಂಡಾರದ ಮೇಲೆ ತಮಗೆ ನಂಬಿಕೆಯಿದೆ, ಆದರೆ ಮದ್ರಾಸಿನ ಸಾಹೇಬರಿಗೆ ಅದನ್ನು ತೋರಿಸುವುದು ಹೇಗೆ ಎಂದರು. ವಾರ್ಡಿನ ಗೆಳತಿಯೊಬ್ಬಳು ನನಗೆ ಆಗಲೇ ಒಂದು ದಾರಿ ಹೇಳಿಕೊಟ್ಟಿದ್ದಳು: ಹೆತ್ತವಳು ನೀನೇ ಎಂದು ಎಲ್ಲಿಂದಾದರೂ ಒಂದು ಜನನ ಪತ್ರ ತರಿಸು ಅಂತ. ಗಂಡ ಸತ್ತು ಎಷ್ಟೋ ವರ್ಷದ ಮೇಲೆ ಹೆತ್ತೆ ಎಂದು ಬರೆಸಿದರೆ ಹಣೆಯ ಜೊತೆಗೆ ಮತ್ತೊಂದು ಮಾತೂ ಸೇರುತ್ತದಲ್ಲ ಎಂದು ನಾವಿಬ್ಬರೂ ನಕ್ಕಿದ್ದೆವು. ವಕೀಲರು ನಗಲಿಲ್ಲ. "ಸುಳ್ಳು ಬರಿಯೋದು ಒಂದ್ ದಿನದ ಕೆಲಸರಿ, ಅದನ್ನ ನೆನಪಿಡೋದು ಜನ್ಮದ ಕೆಲಸ. ಖರೇದ್ದನ್ನೇ ಬರಸೂಣು. ಗಂಡ ಸತ್ತ ಹೆಣ್ಮಗಳು ದತ್ತಕ ತೊಗೋಬಹುದು, ಕಾಯ್ದೆ ಐತಿ. ಕೊಡೋ ತಂದಿ ಸಹಿ ಬೇಕು, ತಾಯಿದು ಒಪ್ಪಿಗಿ ಬೇಕು. ಆಮ್ಯಾಲೆ ನಿಮ್ಮ ಸಾಲಿ ದಾಖಲಿ ಎಲ್ಲಾ ಅದರ ಬೆನ್ನಿಗೆ ನಿಲ್ತಾವ."

ತಾವೇ ಊರಿಗೆ ಬರುತ್ತೇನೆಂದರು. ಅದು ಅವರ ಪದ್ಧತಿ. ಸಹಿ ಮಾಡುವವರ ಮುಖ ನೋಡದೆ ಅವರು ಕಾಗದ ಬರೆಯುತ್ತಿರಲಿಲ್ಲ. ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು, ಬರಿಗೈಯಲ್ಲಿ ಹೋಗಬಾರದೆಂದು ಕರದಂಟು ಕಟ್ಟಿಸಿಕೊಂಡರು. ಊರ ಹಾದಿಯಲ್ಲಿ ಎರಿ ಮಣ್ಣು ಹಿಡಿದು ಬಿಡದಾಯಿತು. ವಕೀಲರು ಬೂಟು ಕೈಯಲ್ಲಿ ಹಿಡಿದುಕೊಂಡು, ಪಾಯಿಜಾಮ ಮೇಲೆತ್ತಿಕೊಂಡು ನಡೆದರು.

ಅಣ್ಣ ಕಟ್ಟೆಯ ಮೇಲೆ ಕಂಬಳಿ ಹಾಸಿ ಅವರನ್ನು ಕೂರಿಸಿದ. ಒಳಗೆ ವೈನಿ ರೊಟ್ಟಿ ಬಡಿಯುತ್ತಿದ್ದಳು. ನಾನು ಅಮೆರಿಕಕ್ಕೆ ಹೋಗುವ ಸುದ್ದಿ ಕೇಳಿ ಅಣ್ಣನ ಮುಖ ಅರಳಿತು. ನೀಲಾಳನ್ನು ಕರೆದೊಯ್ಯುತ್ತೇನೆ ಎಂದಾಗಲೂ ಅದು ಬಾಡಲಿಲ್ಲ. "ನಿನ್ನ ಮಗಳನ್ನ ನೀ ಕರ್ಕೊಂಡ್ ಹೊಕ್ಕಿ, ನನ್ನ ಯಾಕ ಕೇಳ್ತಿ?" ಎಂದ. ವಕೀಲರು ನಿಧಾನವಾಗಿ ಕಾಗದದ ಮಾತು ತೆಗೆದರು. ಆಗ ಅವನ ಮುಖ ಬದಲಾಯಿತು.

"ನಾ ಭಂಡಾರ ಮುಟ್ಟಿ ಕೊಟ್ಟೇನ್ರಿ," ಎಂದ.

"ಗೊತ್ತೈತಿ ಹಾಲಪ್ಪನೋರ. ಅದನ್ನೇ ಬರದು ಕೊಡ್ರಿ ಅಂತೇನಿ."

"ಕೊಟ್ಟದ್ದನ್ನ ಮತ್ತ ಬರದು ಕೊಡು ಅಂದ್ರ ಕೊಟ್ಟಿಲ್ಲ ಅಂದಂಗಾತಲ್ಲರಿ. ಬೀರಪ್ಪನ ಮ್ಯಾಲೆ ನನ್ನ ಹೆಬ್ಬಟ್ಟು ಹ್ಯಾಂಗ ಒತ್ತಲಿ? ಅಂವ ಸಣ್ಣಾಂವ, ನಾ ದೊಡ್ಡಾಂವ ಆದೆ."

"ದೇವರಿಗೆ ಬ್ಯಾಡರಿ, ಸರಕಾರಕ್ಕ ಬೇಕು."

"ಹಂಗಾದ್ರ ಸರಕಾರಕ್ಕ ಬಂದು ಭಂಡಾರ ಮುಟ್ಟಂತ ಹೇಳ್ರಿ, ನಾ ಬ್ಯಾಡನ್ನಂಗಿಲ್ಲ."

ಎಷ್ಟು ಹೇಳಿದರೂ ಅಣ್ಣ ಜಗ್ಗಲಿಲ್ಲ. ಸಿಟ್ಟೂ ಮಾಡಲಿಲ್ಲ, ವಕೀಲರ ತಟ್ಟೆಗೆ ತುಪ್ಪ ಸುರಿಯುತ್ತಲೇ ಇದ್ದ. ವಾಪಸ್ ಬರುವಾಗ ಬಸ್ಸಿನಲ್ಲಿ ವಕೀಲರು ಕಾಲಿಗೆ ಹತ್ತಿದ ಎರಿ ಮಣ್ಣು ಒರೆಸಿಕೊಂಡು ಬೂಟು ಹಾಕಿಕೊಂಡರು. ಆಮೇಲೆ, "ಸಿಸ್ಟರ್, ನಾವು ಕಾಗದದ ಮಾತು ತಗದಾಗ ಒಳಗ ರೊಟ್ಟಿ ಬಡಿಯೋ ಸಪ್ಪಳ ನಿಂತಿತ್ತು, ಕೇಳಿದ್ರೇನು?" ಎಂದರು.

"ಹಿಟ್ಟು ಮುಗಿದಿರಬೇಕ್ರಿ," ಎಂದೆ.

ದಸರೆ, ದೀಪಾವಳಿ ಕಳೆದವು. ಹಿಂಗಾರಿ ಜೋಳ ಹಸಿರಾಗಿ ಎದ್ದು ನಿಂತಿತು. ನನ್ನ ಕಾಗದಗಳೆಲ್ಲ ಒಂದೊಂದಾಗಿ ಸೇರಿ ಹೊಂದಿಕೊಂಡವು, ನೀಲಾಳದೊಂದು ಬಿಟ್ಟು. ನಾನು ಊರಿಗೆ ಹೋಗಿ ಅಣ್ಣನ ಮುಂದೆ ಅತ್ತು ಬಂದೆ. ಚಳಿಗಾಲದ ಒಂದು ಬೆಳಿಗ್ಗೆ ಅಂವ ಹೇಳದೆ ಕೇಳದೆ ಕ್ವಾರ್ಟರ್ಸಿನ ಬಾಗಿಲಿಗೆ ಬಂದು ನಿಂತ, ಹಿಂದೆ ವೈನಿ. "ಕಾಗದ ಮುಟ್ಟಿದ್ರ ಬೀರಪ್ಪ ಸಿಟ್ಟಾಗ್ತಾನೋ ಬಿಡ್ತಾನೋ ಗೊತ್ತಿಲ್ಲ ತಂಗಿ. ನೀ ಅತ್ತದ್ದು ನನಗ ತಡಿಯಾಕ ಆಗವಲ್ದು. ನಡಿ, ಎಲ್ಲಿ ಒತ್ತಬೇಕು ತೋರಸು," ಎಂದ. ನೀಲಾಳಿಗೆ ಅಂದು ರಜೆ. ಅವಳನ್ನೂ ಕರೆದುಕೊಂಡು ಎಲ್ಲರೂ ವಕೀಲರ ಕಚೇರಿಗೆ ಹೋದೆವು. ದಾರಿಯುದ್ದಕ್ಕೂ ಅವಳು ಒಂದು ಕೈ ನನ್ನ ಕೈಯಲ್ಲಿ, ಒಂದು ಕೈ ಅತ್ತಿಯ ಕೈಯಲ್ಲಿ ಕೊಟ್ಟು ಜೋಕಾಲಿ ಆಡುತ್ತ ಬಂದಳು.

ವಕೀಲರು ಛಾಪಾ ಕಾಗದ ಸಿದ್ಧ ಮಾಡಿಟ್ಟಿದ್ದರು. ಅಣ್ಣ ಅದನ್ನು ಮೇಜಿನ ಮೇಲೆ ನೇರ ಮಾಡಿ, ಸೊಂಟದ ಚೀಲದಿಂದ ಒಂದು ಚಿಟಿಕೆ ಭಂಡಾರ ತೆಗೆದು ಅದರ ತಲೆಗೆ ಹಚ್ಚಿದ. ಹಳದಿ ಕಲೆ ಉಳಿಯಿತು. ಅಳಿಸಬೇಕೇ ಎಂದು ನಾನು ನೋಡಿದೆ. "ಇರಲಿ ಬಿಡ್ರಿ, ಅದೂ ಒಂದ್ ಸಿಕ್ಕಾ, ಬೀರಪ್ಪನ ಮುದ್ರಿ," ಎಂದರು ವಕೀಲರು.

ಅವರ ಕಚೇರಿಯ ಇನ್ನೊಂದು ಪದ್ಧತಿ ನನಗೆ ಗೊತ್ತಿತ್ತು, ಅಂದು ಮರೆತಿದ್ದೆ. ಹೆಬ್ಬೆಟ್ಟು ಒತ್ತುವವರಿಗೆ ಅವರು ಕಾಗದವನ್ನು ಓದಿ ಹೇಳುತ್ತಿದ್ದರು. ಆಮೇಲೆ ಒತ್ತುವವರು ಅದರಲ್ಲಿ ಏನಿದೆಯೆಂದು ತಮ್ಮ ಬಾಯಿಂದಲೇ ಹೇಳಬೇಕು. ಹೇಳಲು ಬಾರದಿದ್ದರೆ ಮಸಿ ಡಬ್ಬಿ ತೆರೆಯುತ್ತಿರಲಿಲ್ಲ. ಅಣ್ಣ ಹೇಳಿದ. ವಕೀಲರು ವೈನಿಯ ಕಡೆ ತಿರುಗಿದರು.

"ನೀವು ಹೇಳ್ರಿ ಲಗಮವ್ವ. ಈ ಕಾಗದದಾಗ ಏನೈತಿ?"

ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡಳು. "ಅಕಿದೇನು ಕೇಳ್ತೀರಿ, ನಾ ಹೇಳಿದ್ನಲ್ಲರಿ," ಎಂದ ಅಣ್ಣ.

"ಕೇಳಬೇಕಾಗೈತ್ರಿ. ತಾಯಿ ಒಪ್ಪಿಗಿ ಬ್ಯಾರೆ ಬೇಕು. ಹೇಳ್ರಿ ತಾಯೀ, ಹೆದರಬ್ಯಾಡ್ರಿ. ನಿಮ್ಮ ಮನಸಿನ್ಯಾಗ ಇದ್ದದ್ದ ಹೇಳ್ರಿ. ಕೊಡಾಕ ಖುಷಿ ಐತೇನು?"

ಹೊರಗೆ ಟಾಂಗಾ ಒಂದು ಹೋಯಿತು. ವೈನಿ ನನ್ನನ್ನು ನೋಡಲಿಲ್ಲ, ಅಣ್ಣನನ್ನೂ ನೋಡಲಿಲ್ಲ. ವಕೀಲರ ಮೇಜಿನ ಕಾಲು ನೋಡುತ್ತ ಮಾತಾಡಿದಳು.

"ನನ್ನ ಇದನ್ನ ಯಾರೂ ಕೇಳಿದ್ದಿಲ್ಲರಿ ಸಾಹೇಬ್ರ. ಗುಡ್ಯಾಗ ಭಂಡಾರ ಮುಟ್ಟಿದ್ದು ಇವರು, ತೊಗೊಂಡಾಕಿ ಮಾಳವ್ವ. ನಾ ಹೊರಗ ಕೊಡ ಹಿಡಕೊಂಡ್ ನಿಂತಿದ್ನಿ. ಆದ್ರೂ ನಾ ಕೊಟ್ಟೇನಿ. ಗಂಡ ಸತ್ತಾಕಿ, ಒಬ್ಬಾಕಿ ಅದಾಳ, ಇರ್ಲಿ ಅಂತ ಮನಸಿನ್ಯಾಗ ನಾನೂ ಕೊಟ್ಟೇನಿ. ಬಾಗಲಕೋಟಿಗೆ ಕೊಟ್ಟೇನ್ರಿ. ಬಸ್ಸು ಮುಟ್ಟುವಷ್ಟು ದೂರಕ್ಕ ಕೊಟ್ಟೇನಿ. ಬಸ್ಸು ಮುಟ್ಟಲಾರದ ಊರಿಗೆ ಕೊಟ್ಟಿಲ್ಲ. ಕೊಡಂಗಿಲ್ಲ."

ಅಣ್ಣ ಎದ್ದು ನಿಂತ. ಕೈ ಮೇಲೆ ಹೋದದ್ದನ್ನು ನಾನು ನೋಡಿದೆ. ವಕೀಲರು ಕೂತಲ್ಲೇ, "ಹಾಲಪ್ಪನೋರ, ಕುಂದರ್ರಿ. ಕೇಳಿದ್ದು ನಾನು," ಎಂದರು. ಅಣ್ಣ ಕೂತ. ನಾನು ಏನಾದರೂ ಹೇಳಬೇಕಿತ್ತು. ಸಾವಿರ ಬಾಣಂತಿಯರನ್ನು ನೋಡಿದವಳು, ಕಾಗದದ ಹಳದಿ ಕಲೆಯನ್ನು ನೋಡುತ್ತ ಕೂತೆ. ಬಾಗಿಲ ಬಳಿಯ ಬೆಂಚಿನ ಮೇಲೆ ನೀಲಾ ವಕೀಲರು ಕೊಟ್ಟ ಕರದಂಟು ಕೈಯಲ್ಲಿ ಹಿಡಿದು, ತಿನ್ನದೆ, ಒಬ್ಬೊಬ್ಬರ ಮುಖವನ್ನೂ ಸರದಿಯಂತೆ ನೋಡುತ್ತಿದ್ದಳು.

ಕಾಗದ ಹಾಗೇ ಉಳಿಯಿತು. ವಕೀಲರು ಹರಿದು ಹಾಕಲು ಹೋದಾಗ ಅಣ್ಣ ತಡೆದ. ಭಂಡಾರ ಬಿದ್ದದ್ದನ್ನು ಹರಿಯಬಾರದು. ಮಡಚಿ ರುಮಾಲಿನಲ್ಲಿಟ್ಟುಕೊಂಡು ಹೋಗಿ ಬೀರಪ್ಪನ ಗುಡಿಯಲ್ಲಿಟ್ಟನಂತೆ.

ಸಂಕ್ರಾಂತಿ ಮುಗಿದ ಮೇಲೆ ಮದ್ರಾಸಿನಿಂದ ಸಂದರ್ಶನಕ್ಕೆ ಕರೆ ಬಂತು. ನನಗೊಬ್ಬಳಿಗೆ. "ನೀವು ಹೋಗಿ ಅಲ್ಲಿ ನೆಲಿ ನಿಲ್ರಿ," ಎಂದರು ವಕೀಲರು. "ಲಗಮವ್ವನ ಮನಸು ನಾಳೆ ತಿರುಗೀತು. ಆಗ ಮಗಳನ್ನ ಕರಸೋ ಕೆಲಸ ನನಗ ಬಿಡ್ರಿ. ಇಂಥಾದ್ದು ಮತ್ತ ಬರಂಗಿಲ್ಲರಿ, ಸಿಸ್ಟರ್." ಅವರದು ಒಳ್ಳೆಯ ಸಲಹೆ, ಖಾಲಿ ಮಾತಲ್ಲ. ಆದರೆ ನೀಲಾ ಆ ವಾರ ಜ್ವರದಲ್ಲಿ ನನ್ನ ಸೆರಗು ಹಿಡಿದು ಮಲಗಿದ್ದಳು. ಬೆರಳು ಬಿಡಿಸಿ ಡ್ಯೂಟಿಗೆ ಹೋಗುವುದೇ ನನ್ನಿಂದ ಆಗುತ್ತಿರಲಿಲ್ಲ. ಬರುವುದಿಲ್ಲ ಎಂದು ಬರೆದುಬಿಡ್ರಿ ಎಂದೆ. ವಕೀಲರು ಟೈಪು ಮಾಡಿಸಿದರು, ನಾನು ಸಹಿ ಹಾಕಿದೆ. ಮಾಲತಿ ಎಂದು ನಾನು ಹಾಕಿದ ಸಹಿಗಳಲ್ಲಿ ಅಷ್ಟು ನೆಟ್ಟಗೆ ಬಂದದ್ದು ಇನ್ನೊಂದಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಬೇಸಿಗೆ ಬಂತು. ಬಾಗಲಕೋಟೆಯ ಬೇಸಿಗೆ, ದವಾಖಾನೆಯ ಕಬ್ಬಿಣದ ಮಂಚ ಮುಟ್ಟಿದರೆ ಸುಡುತ್ತಿತ್ತು. ವೈನಿ ಆ ದಿನದ ಮೇಲೆ ಸಂತೆಗೆ ಬಂದಿರಲಿಲ್ಲ. ನೀಲಾ ಅವಳನ್ನು ಕೇಳುತ್ತಿರಲಿಲ್ಲ. ಆದರೆ ಸಂತೆಯ ದಿನ ಹೊಸ್ತಿಲ ಮೇಲೆ ತಲೆ ಬಿಚ್ಚಿಕೊಂಡು ಕೂತಿರುತ್ತಿದ್ದಳು. ಪರೀಕ್ಷೆ ಮುಗಿದ ದಿನ, "ನಾ ಸೂಟಿಗೆ ಅತ್ತಿ ಊರಿಗೆ ಹೋಗ್ತೇನಿ," ಎಂದಳು. ಬಸ್ಸು ಹತ್ತಿಸಿ ಬಂದೆ.

ಶಾಲೆ ತೆರೆಯುವ ಹೊತ್ತಿಗೆ ಅಣ್ಣ ಒಬ್ಬನೇ ಬಂದ. ಒಳಗೆ ಬರದೆ ಬೇವಿನ ಗಿಡದ ಕೆಳಗೆ ಕುಕ್ಕರುಗಾಲಲ್ಲಿ ಕೂತ. ನೀಲಾ ಬರುವುದಿಲ್ಲ ಅನ್ನುತ್ತಾಳೆ, ಅಲ್ಲಿಯ ಸಾಲಿಗೇ ಹೋಗುತ್ತಾಳಂತೆ ಎಂದ. "ಎಳಕೊಂಡು ಬರ್ತಿದ್ನಿ. ಭಂಡಾರ ಮುಟ್ಟಿ ಕೊಟ್ಟ ಕೂಸು, ನಾ ಹ್ಯಾಂಗ ಮನ್ಯಾಗ ಇಟ್ಕೊಳ್ಳಿ? ನೀ ಹೂಂ ಅನ್ನು, ನಾಳೆ ತಂದು ಬಿಡ್ತೇನಿ." ಅಣ್ಣ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಅವನ ಜೊತೆ ಅದೇ ಬಸ್ಸಿಗೆ ಹೊರಟೆ. ಮೊದಲು ಅವಳನ್ನು ಕೇಳೋಣ ಎಂದೆ. ಕೇಳುವುದನ್ನು ವಕೀಲರು ನಮಗೆ ಕಲಿಸಿದ್ದರು.

ನೀಲಾ ಜೋಳ ಕೂಡಿಡುವ ಹಗೇವಿನ ಹತ್ತಿರ ಕುರಿಮರಿಗೆ ಸೊಪ್ಪು ತಿನ್ನಿಸುತ್ತಿದ್ದಳು. ಕಪ್ಪಾಗಿದ್ದಳು, ಕಾಲಲ್ಲಿ ಚಪ್ಪಲಿಯಿರಲಿಲ್ಲ. ಪಕ್ಕದಲ್ಲಿ ಕೂತು, "ನನ್ನ ಮ್ಯಾಲೆ ಸಿಟ್ಟೇನವ್ವಿ?" ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು. ಮತ್ಯಾಕೆ ಎಂದೆ. ಸ್ವಲ್ಪ ಹೊತ್ತು ಕುರಿಮರಿಯ ಕಿವಿ ಹಿಡಿದು ಎಳೆಯುತ್ತಿದ್ದಳು.

"ಅವತ್ತ ವಕೀಲರ ಮುಂದ ಎಲ್ಲಾರೂ ನನ್ನ ಕೊಡ್ತೇನಿ, ತೊಗೋತೇನಿ ಅಂದ್ರಿ," ಎಂದಳು. "ಅಕಿ ಒಬ್ಬಾಕೇ ಕೊಡಂಗಿಲ್ಲ ಅಂದ್ಲು."

ನಾನು ನಿನಗಾಗಿ ಅಮೆರಿಕ ಬಿಟ್ಟೆ ಎಂದು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಸಣ್ಣ ಕೂಸಿನ ತಲೆಯ ಮೇಲೆ ಅಂಥ ಭಾರ ಹೊರಿಸಬಾರದೆಂದು ನುಂಗಿಕೊಂಡೆ. ಇವತ್ತಿನವರೆಗೂ ಅವಳಿಗೆ ಹೇಳಿಲ್ಲ.

ವಕೀಲರು ಸುದ್ದಿ ಕೇಳಿ ತಾವೇ ದವಾಖಾನೆಗೆ ಬಂದರು. ಮತ್ತೆ ಬರೆಯೋಣವೇ, ಅಮೆರಿಕದ ಡಾಕ್ಟರಮ್ಮ ಇನ್ನೊಂದು ಸಲ ಪ್ರಯತ್ನ ಮಾಡಿಯಾರು ಎಂದರು. ಈಗ ನಿಮ್ಮನ್ನು ಹಿಡಿದಿಡುವುದು ಏನಿದೆ ಎನ್ನುವುದನ್ನು ಬಾಯಿ ಬಿಟ್ಟು ಹೇಳಲಿಲ್ಲ, ಒಳ್ಳೆಯ ಮನುಷ್ಯ. "ಬ್ಯಾಡ್ರಿ ವಕೀಲರ," ಎಂದೆ. "ಬಸ್ಸು ಮುಟ್ಟುವಷ್ಟು ದೂರದಾಗ ಇರ್ತೇನಿ."

ಅಲ್ಲಿಂದ ಮುಂದೆ ರಜೆಯ ದಿನ ಬಸ್ಸು ಹತ್ತುವವಳು ನಾನಾದೆ. ಬಾಗಲಕೋಟೆಯ ಬೇಕರಿಯಿಂದ ಖಾರಿ, ಬನ್ನು ಕಟ್ಟಿಸಿಕೊಂಡು ಹೋಗುತ್ತಿದ್ದೆ. ನಾನು ಬಂದದ್ದು ಕಂಡರೆ ಲಗಮವ್ವ ವೈನಿ, ನೀಲಾಳ ತಲೆ ಬಾಚುತ್ತಿದ್ದವಳು ಅರ್ಧಕ್ಕೇ ಎದ್ದು, ಹಣಿಗೆ ನನ್ನ ಕೈಗೆ ಕೊಟ್ಟು ಒಳಗೆ ಹೋಗುತ್ತಿದ್ದಳು. ನಾವಿಬ್ಬರೂ ಒಂದು ದಿನವೂ ಜಗಳಾಡಲಿಲ್ಲ. ಆಡಿದ್ದರೆ ಹಗುರವಾಗುತ್ತಿತ್ತೇನೋ. ಸಂಜೆಯ ಬಸ್ಸಿಗೆ ಹೊರಟರೆ ಉಂಡು ಹೋಗೆನ್ನುತ್ತಿದ್ದಳು. ನೈಟ್ ಡ್ಯೂಟಿ ಇದೆ ಎನ್ನುತ್ತಿದ್ದೆ.

ತಾಯಿಯ ಅಣ್ಣನ ಹೆಂಡತಿಯೂ ಅತ್ತಿ, ತಂದೆಯ ತಂಗಿಯೂ ಅತ್ತಿ. ನಮ್ಮಿಬ್ಬರ ನಡುವೆ ಇದ್ದದ್ದು ಅವ್ವ, ಅತ್ತಿ ಎಂಬ ಎರಡೇ ಹೆಸರು, ಅವು ಜಾಗ ಬದಲಿಸಿದವು. ಒಂದೇ ದಿನದಲ್ಲಿ ಅಲ್ಲ. ಮೊದಲು ನೀಲಾ ಇಬ್ಬರೂ ಎದುರಿಗಿದ್ದರೆ ಯಾರನ್ನೂ ಏನೂ ಎಂದು ಕರೆಯದೆ, ಹತ್ತಿರ ಬಂದು ಮೈ ಮುಟ್ಟಿ ಮಾತಾಡುತ್ತಿದ್ದಳು. ಆಮೇಲೆ ಒಂದು ಶೀಗಿ ಹುಣ್ಣಿಮೆಗೆ ಹೋದಾಗ ಹೊಲದಿಂದ ಓಡಿ ಬಂದು, "ಅವ್ವಾ, ಅತ್ತಿ ಬಂದ್ಲು" ಎಂದು ಒಳಗಿದ್ದ ವೈನಿಗೆ ಕೂಗಿ ಹೇಳಿದಳು. ನಾನು ಖಾರಿಯ ಪೊಟ್ಟಣ ಹಿಡಿದು ಕಟ್ಟೆಯ ಮೇಲೆ ಕೂತೆ. ಅಂದು ನಾನು ಅನುಭವಿಸಿದ್ದನ್ನು ದುಃಖ ಎನ್ನುತ್ತಾರೆ, ಬೇರೆ ಹೆಸರು ನನಗೆ ಗೊತ್ತಿಲ್ಲ.

ಅವಳು ಓದಿದಳು. ಇಳಕಲ್ಲಿನಲ್ಲಿ ಶಾಲಾ ಶಿಕ್ಷಕಿಯಾದಳು, ಮದುವೆಯಾದಳು. ಅವಳ ಎರಡು ಹೆರಿಗೆಗಳೂ ನನ್ನ ಕೈಯಲ್ಲೇ ಆದವು. ಅಣ್ಣ ತೀರಿಕೊಂಡ. ನದಾಫ ವಕೀಲರೂ ಇಲ್ಲ. ಈಗ ಲಗಮವ್ವ ವೈನಿ. ಮೊನ್ನೆ ಮಣ್ಣಿನ ಹೊತ್ತಿಗೆ ನೀಲಾ ಕುಣಿಯ ದಂಡೆಯಲ್ಲಿ ಕುಸಿದು, ಅವ್ವಾ, ಅವ್ವಾ ಎಂದು ಎದೆ ಬಡಿದುಕೊಂಡು ಅತ್ತಳು. ಅವಳನ್ನು ಹಿಡಿದು ನಿಂತಿದ್ದವಳು ನಾನು. ನನ್ನ ಮುಷ್ಟಿಯ ಮಣ್ಣನ್ನು ಕೊನೆಗೆ ಹಾಕಿದೆ. ಹೆತ್ತು ಕೊಟ್ಟು ಮತ್ತೆ ಕೊಡಲಾರೆನೆಂದ ಆ ಮಾತಿಗೆ ನನ್ನ ಮನಸ್ಸಿನಲ್ಲಿ ಸಿಟ್ಟು ಇಲ್ಲ ಎಂದು ಅವಳಿಗೆ ಬದುಕಿರುವಾಗಲೇ ಹೇಳಬೇಕಿತ್ತು ಅನ್ನಿಸಿತು.

ಬಸ್ ಸ್ಟ್ಯಾಂಡಿನಲ್ಲಿ ಮಳೆ ಸ್ವಲ್ಪ ಸಣ್ಣದಾಯಿತು. ಕುರಿಗಾಹಿ ಕಂಬಳಿ ಕೊಡವಿಕೊಂಡು ಎದ್ದು ಹೋದ. ಅವನ ಹಿಂದೆ ವಾಸನೆಯೂ ಹೋಯಿತು. ನಾನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತೆ.

"ಅವ್ವಾ, ಏಳು. ಬಸ್ಸ ಬಂತು."

ನೀಲಾಳ ದನಿ. ಬಹಳ ಹತ್ತಿರದಿಂದ, ಮೆತ್ತಗೆ. ನಾನು ಕಣ್ಣು ತೆರೆದು, ಲಗಮವ್ವ ವೈನಿ ಎಲ್ಲಿ ನಿಂತಿದ್ದಾಳೆಂದು ಹಿಂದೆ ತಿರುಗಿ ನೋಡಿದೆ.